ಹಾಲ್‌ನ ಗೋಡೆಗೆ ಕಡುಗೆಂಪು: ಕಳೆ ಬರುವುದೇ, ಕತ್ತಲೆ ಕವಿಯುವುದೇ?

ಪ್ರಶ್ನೆ: ಕೋಥ್ರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಬಾಗಲಕೋಟೆ ಕಡೆಯವರು. ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಇಷ್ಟು ಕಾಲವೂ ಬಾಡಿಗೆ ಮನೆಗಳಲ್ಲಿ, ಮಾಲೀಕರು ಹಚ್ಚಿಸಿಕೊಟ್ಟ ತಿಳಿ ಕೆನೆಬಣ್ಣದ ಗೋಡೆಗಳ ನಡುವೆಯೇ ಇದ್ದೆವು. ಈ ವರ್ಷ ಕೋಥ್ರೂಡ್‌ನಲ್ಲಿ ಸುಮಾರು ಮೂವತ್ತು ವರ್ಷ ಹಳೆಯದಾದ ಕಟ್ಟಡದ ಮೂರನೆಯ ಮಹಡಿಯಲ್ಲಿ ಸ್ವಂತ ಫ್ಲ್ಯಾಟ್ ಕೊಂಡಿದ್ದೇವೆ. ಮೊದಲ ಬಾರಿಗೆ ನಮ್ಮದೇ ಗೋಡೆ ಸಿಕ್ಕಿರುವುದರಿಂದ, ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಇದ್ದ ಬಣ್ಣವೊಂದನ್ನು ಹಚ್ಚಿಸಬೇಕೆಂಬ ಆಸೆ ಇದೆ. ಅದು ನಮ್ಮ ತಾಯಿಯ ಇಳಕಲ್ ಸೀರೆಯ ದಾಳಿಂಬೆ ಕೆಂಪು. ಅಂಗಡಿಯವರು ಅದನ್ನು ಮರೂನ್ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಮರೂನ್‌ಗಿಂತ ಸ್ವಲ್ಪ ಹೆಚ್ಚು ಜೀವವಿರುವ, ಕಿರಮಂಜಿಗಿಂತ ಸ್ವಲ್ಪ ಕಪ್ಪಾದ ಬಣ್ಣ.

ಹಾಲ್ ಉದ್ದದಲ್ಲಿ 16 ಅಡಿ, ಅಗಲದಲ್ಲಿ 11 ಅಡಿ ಇದ್ದು, ಎತ್ತರ ಒಂಬತ್ತೂವರೆ ಅಡಿ. ಅದರ ಒಂದು ತುದಿಯಲ್ಲಿ ಊಟದ ಮೇಜು ಇಡುವ ಜಾಗವಿದೆ. ಆ ಮೇಜಿನ ಹಿಂದಿನ 11 ಅಡಿ ಅಗಲದ ಗೋಡೆಗೆ ಮಾತ್ರ ಕೆಂಪು ಹಚ್ಚಿ, ಉಳಿದದ್ದನ್ನು ಬಿಳಿ ಮಾಡಿಸಬೇಕೆಂದು ಯೋಚಿಸಿದ್ದೆ. ಹಾಲ್‌ಗೆ ಇರುವುದು ಉತ್ತರದ ಕಡೆಯ ಒಂದೇ ದೊಡ್ಡ ಕಿಟಕಿ. ಅದರ ಹೊರಗೆ ಗುಲ್‌ಮೊಹರ್ ಮರವಿರುವುದರಿಂದ ಮಧ್ಯಾಹ್ನದಲ್ಲೂ ಬೆಳಕು ಸೋಸಿ ಬಂದಂತೆ ಮಂದವಾಗಿರುತ್ತದೆ.

ಶೇಡ್ ಕಾರ್ಡಿನಲ್ಲಿ ಆರಿಸಿದ ಬಣ್ಣದ ಸ್ಯಾಂಪಲ್ ಡಬ್ಬಿಯೊಂದನ್ನು ತಂದು, ಪೇಂಟರ್ ಕೈಯಲ್ಲಿ ಗೋಡೆಯ ಮೇಲೆ ಎರಡಡಿ ಚೌಕದಷ್ಟು ಎರಡು ಕೋಟ್ ಹಚ್ಚಿಸಿದೆ. ಅಂಗಡಿಯಲ್ಲಿ ಒಡೆದ ದಾಳಿಂಬೆಯ ಹಾಗೆ ಕಂಡ ಬಣ್ಣ ಮನೆಯಲ್ಲಿ ಬೆಳಗಿನ ಹೊತ್ತು ಹಳೆಯ ಇಟ್ಟಿಗೆಯಂತೆಯೂ, ಸಂಜೆ ಟ್ಯೂಬ್‌ಲೈಟ್ ಹಾಕಿದ ಮೇಲೆ ಕಾಫಿಪುಡಿಯಂತೆಯೂ ಕಂಡಿತು. ಅದು ಸಾಲದೆಂಬಂತೆ, ರೋಲರ್ ಹೋದ ಕಡೆಯೆಲ್ಲ ಪಟ್ಟೆಪಟ್ಟೆಯಾಗಿ ಒಳಗಿನ ಬಿಳಿ ಇಣುಕುತ್ತಿದೆ. ಇನ್ನೊಂದು ಕೋಟ್ ಕೊಟ್ಟರೆ ಸರಿಹೋಗುತ್ತದೆ ಎಂದು ಪೇಂಟರ್ ಹೇಳುತ್ತಾರೆ, ಆದರೆ ಅವರ ಮಾತಿನಲ್ಲೂ ಭರವಸೆ ಕಾಣಲಿಲ್ಲ. ಗಾಢ ಬಣ್ಣದಿಂದ ಮನೆ ಗೂಡಿನಂತಾಗುತ್ತದೆ ಎಂಬುದು ನಮ್ಮ ಯಜಮಾನರ ಅಭಿಪ್ರಾಯ. ಊಟಕ್ಕೆ ಕೂರುವ ಕಡೆ ಅಷ್ಟು ಕೆಂಪು ಕಣ್ಣಿಗೆ ಹೊಡೆಯುತ್ತದೆ ಎಂದು ಅತ್ತೆಯವರು ಹೇಳಿದ್ದಾರೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಈ ಬಣ್ಣ ಇಂಥ ಬೆಳಕಿನ ಮನೆಗೆ ಒಗ್ಗುತ್ತದೆಯೇ? ಪಟ್ಟೆಗಳು ಬಂದದ್ದು ಪೇಂಟರ್‌ನ ಕೈತಪ್ಪೋ, ಬಣ್ಣದ ಗುಣವೋ? ಮ್ಯಾಟ್ ಹಚ್ಚಿಸಬೇಕೋ, ಹೊಳಪಿನದೋ? ಮಳೆಗಾಲ ಈಗಷ್ಟೇ ಮುಗಿದಿದ್ದು, ದೀಪಾವಳಿಗೆ ಮುನ್ನ ಕೆಲಸ ಮುಗಿಸಬೇಕೆಂದಿದ್ದೇವೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.


ಉತ್ತರ 1: ಡೊಂಬಿವಲಿಯಿಂದ

ನಮಸ್ಕಾರ ಮೇಡಂ. ನಾನು ಇಪ್ಪತ್ತೆರಡು ವರ್ಷಗಳಿಂದ ಡೊಂಬಿವಲಿ, ಠಾಣೆ, ಮುಲುಂಡ್ ಭಾಗದಲ್ಲಿ ಮನೆಗಳ ಪೇಂಟಿಂಗ್ ಕೆಲಸ ಹಿಡಿದು ಮಾಡಿಸುತ್ತಿದ್ದೇನೆ. ನಿಮ್ಮ ಪೇಂಟರ್‌ನ ತಪ್ಪು ಇದ್ದರೂ ಅದು ಕಡಿಮೆ. ಹೆಚ್ಚಿನದು ಬಣ್ಣದ ಗುಣ. ಅದೇಕೆ ಹೀಗೆ ಎಂದು ತಿಳಿದರೆ ಮುಂದಿನ ಕೆಲಸ ಸುಲಭವಾಗುತ್ತದೆ.

ಅಂಗಡಿಯ ಟಿಂಟಿಂಗ್ ಮೆಷಿನ್ ಬಣ್ಣ ಬೆರೆಸುವುದು ಒಂದು ಬೇಸ್‌ಗೆ, ಅಂದರೆ ಮೂಲ ಪೇಂಟ್‌ಗೆ. ತಿಳಿ ಬಣ್ಣಗಳ ಬೇಸ್‌ನಲ್ಲಿ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಸಾಕಷ್ಟು ಇರುತ್ತದೆ, ಗೋಡೆಯ ಹಳೆಯ ಬಣ್ಣವನ್ನು ಮುಚ್ಚುವ ಶಕ್ತಿ ಮುಖ್ಯವಾಗಿ ಬರುವುದು ಅದರಿಂದ. ಕಡುಗೆಂಪು ಮಾಡಬೇಕಾದಾಗ ಆ ಬಿಳಿ ಇದ್ದರೆ ಬಣ್ಣ ಗುಲಾಬಿಗೆ ತಿರುಗುತ್ತದೆ. ಆದ್ದರಿಂದ ಬಿಳಿ ಇಲ್ಲವೇ ಇಲ್ಲ ಎನ್ನುವಂಥ ಬೇಸ್ ತೆಗೆದುಕೊಳ್ಳುತ್ತಾರೆ. ಅದರ ಮೇಲೆ, ದಾಳಿಂಬೆ ಕೆಂಪಿನಂಥ ಉಜ್ವಲ ಬಣ್ಣಗಳಿಗೆ ಬಳಸುವ ಸಾವಯವ ವರ್ಣದ್ರವ್ಯಗಳು ಸ್ವಭಾವತಃ ಪಾರದರ್ಶಕವಾಗಿರುತ್ತವೆ. ಬಣ್ಣದ ಗಾಜನ್ನು ಬಿಳಿ ಕಾಗದದ ಮೇಲೆ ಇಟ್ಟ ಹಾಗೆ, ಒಳಗಿನದು ಕಂಡೇ ಕಾಣುತ್ತದೆ. ಕಾವಿಯ ಕಡೆಗೆ ಒಲಿದ ಕೆಂಪಾದರೆ ಅದರಲ್ಲಿ ಐರನ್ ಆಕ್ಸೈಡ್ ಇರುತ್ತದೆ. ಅದು ಚೆನ್ನಾಗಿ ಮುಚ್ಚುತ್ತದೆ, ಬಿಸಿಲಿಗೆ ಮಾಸುವುದೂ ಇಲ್ಲ. ನೀವು ಆರಿಸಿದ್ದು ಆ ಜಾತಿಯದಲ್ಲ ಎಂದು ನಿಮ್ಮ ವರ್ಣನೆಯಿಂದಲೇ ಗೊತ್ತಾಗುತ್ತದೆ.

ಇದಕ್ಕೆ ಉಪಾಯ ಬೂದು ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಗೋಡೆಗೆ ಹಚ್ಚುವ ಅಡಿಪದರ. ಬಿಳಿ ಪ್ರೈಮರ್ ಮೇಲೆ ಐದು ಕೋಟ್ ಕೊಟ್ಟರೂ ಸಿಗದ ಗಾಢತೆ, ನಡುತರದ ಬೂದು ಬಣ್ಣದ ಪ್ರೈಮರ್ ಮೇಲೆ ಮೂರು ಕೋಟಿಗೆ ಸಿಗುತ್ತದೆ. ಕೆಲವು ಅಂಗಡಿಗಳಲ್ಲಿ ಪ್ರೈಮರ್ ಅನ್ನೇ ಮೆಷಿನ್‌ನಲ್ಲಿ ಬೂದು ಮಾಡಿಕೊಡುತ್ತಾರೆ. ಇಲ್ಲವಾದರೆ ನೀರು ಆಧಾರಿತ ಬಿಳಿ ಪ್ರೈಮರ್‌ಗೆ ಕಪ್ಪು ಸ್ಟೇನರ್, ಅಂದರೆ ಬಣ್ಣ ಕೊಡುವ ಗಟ್ಟಿ ದ್ರವ, ಬೆರೆಸಿಕೊಳ್ಳಬಹುದು, ಆದರೆ ಸ್ಟೇನರ್ ಡಬ್ಬಿಯ ಮೇಲೆ ಬರೆದ ಮಿತಿಯನ್ನು ಮೀರಬಾರದು. ಮೀರಿದರೆ ಪ್ರೈಮರ್ ಸರಿಯಾಗಿ ಒಣಗುವುದಿಲ್ಲ. ಕೆಂಪಿನ ಕೆಳಗೆ ಕೆಂಪನ್ನೇ ಏಕೆ ಕೊಡಬಾರದು ಎಂದು ಅನೇಕರು ಕೇಳುತ್ತಾರೆ. ಗುಲಾಬಿ ಪ್ರೈಮರ್ ಮೇಲೆ ಬಣ್ಣ ಉರಿಯುವಂತೆ ಕಾಣುತ್ತದೆ, ಬೂದಿನ ಮೇಲೆ ಅದೇ ಬಣ್ಣ ಆಳವಾಗಿ ಕೂರುತ್ತದೆ. ನಿಮಗೆ ಬೇಕಾದದ್ದು ಎರಡನೆಯದು.

ಹಚ್ಚುವ ಕ್ರಮದಲ್ಲೂ ಎಚ್ಚರಿಕೆ ಬೇಕು. ಕಡುಬಣ್ಣದಲ್ಲಿ ಒಣಗಿದ ಅಂಚಿನ ಮೇಲೆ ಮತ್ತೆ ರೋಲರ್ ಹೋದರೆ ಆ ಜಾಗ ಪಟ್ಟೆಯಾಗಿ ಉಳಿಯುತ್ತದೆ. ಪೇಂಟರ್ ಗೋಡೆಯ ಒಂದು ಮೂಲೆಯಿಂದ ಶುರುಮಾಡಿ, ಎರಡರಿಂದ ಮೂರಡಿ ಅಗಲದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಮುಗಿಸಿ, ಅದರ ಅಂಚು ಹಸಿಯಾಗಿರುವಾಗಲೇ ಪಕ್ಕದ ಪಟ್ಟಿಗೆ ಹೋಗಬೇಕು. ನಡುವೆ ಚಹಾಕ್ಕೆಂದು, ಫೋನ್ ಬಂತೆಂದು ನಿಲ್ಲಿಸುವಂತಿಲ್ಲ. ಆ ಹೊತ್ತಿನಲ್ಲಿ ಫ್ಯಾನ್ ಹಾಕಬಾರದು. ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಹೆಚ್ಚೇ ಸಮಯ ಕೊಡಿ; ಗಾಢ ಬಣ್ಣಗಳಲ್ಲಿ ಟಿಂಟ್ ಹೆಚ್ಚಾಗಿರುವುದರಿಂದ ಅವು ನಿಧಾನವಾಗಿ ಒಣಗುತ್ತವೆ. ನಾನು ದಿನಕ್ಕೆ ಒಂದೇ ಕೋಟ್ ಮಾಡಿಸುತ್ತೇನೆ.

ಲೆಕ್ಕ ಹೀಗಿದೆ. ನಿಮ್ಮ ಗೋಡೆ 11 ಅಡಿಯಿಂದ ಒಂಬತ್ತೂವರೆ ಅಡಿ, ಅಂದರೆ ಸುಮಾರು 105 ಚದರ ಅಡಿ. ಒಳ್ಳೆಯ ಎಮಲ್ಷನ್, ಅಂದರೆ ನೀರು ಆಧಾರಿತ ಗೋಡೆ ಬಣ್ಣ, ಎರಡು ಕೋಟಿಗೆ ಲೀಟರಿಗೆ ಸುಮಾರು 120 ಚದರ ಅಡಿ ಬರುತ್ತದೆ. ಮೂರು ಕೋಟಿಗೆ ಒಂದೂಕಾಲು ಲೀಟರ್‌ಗಿಂತ ಸ್ವಲ್ಪ ಹೆಚ್ಚು, ನಾಲ್ಕಕ್ಕೆ ಒಂದೂಮುಕ್ಕಾಲು ಲೀಟರ್ ಬೇಕು. ಎರಡು ಲೀಟರ್ ಅನ್ನು ಒಂದೇ ಸಲ ಮಾಡಿಸಿ, ಎರಡು ಡಬ್ಬಿಗಳಾಗಿದ್ದರೆ ಎರಡನ್ನೂ ಒಂದು ಬಕೆಟ್ಟಿಗೆ ಸುರಿದು ಕಲಸಿಕೊಳ್ಳಬೇಕು. ಒಂದೊಂದು ಲೀಟರ್ ಎರಡು ದಿನ ಬೇರೆಬೇರೆಯಾಗಿ ಮಾಡಿಸಿದರೆ ಕೂದಲೆಳೆಯಷ್ಟಾದರೂ ವ್ಯತ್ಯಾಸ ಬರುತ್ತದೆ. ತಿಳಿ ಬಣ್ಣದಲ್ಲಿ ಅದು ಯಾರಿಗೂ ಕಾಣದು, ಕೆಂಪಿನಲ್ಲಿ ಬಾಗಿಲಿನಿಂದಲೇ ಕಾಣುತ್ತದೆ. ಉಳಿದದ್ದನ್ನು ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಡಿ.

ಮ್ಯಾಟ್ ಬಗ್ಗೆ ಕೇಳಿದ್ದೀರಿ. ಪೂರ್ತಿ ಮ್ಯಾಟ್‌ನಲ್ಲಿ ಈ ಬಣ್ಣದ ಆಳ ಬಹಳ ಚೆಂದ, ವೆಲ್ವೆಟ್ ಬಟ್ಟೆ ಇಳಿಬಿಟ್ಟಂತೆ ಇರುತ್ತದೆ. ಆದರೆ ಊಟದ ಮೇಜಿನ ಹಿಂದೆ ಕುರ್ಚಿಯ ಬೆನ್ನು, ಮಕ್ಕಳ ಕೈ, ಒರೆಸುವ ಬಟ್ಟೆ ತಾಗಿದ ಕಡೆಯೆಲ್ಲ ಮ್ಯಾಟ್ ಬಣ್ಣ ಉಜ್ಜಿ ಹೊಳಪಾಗುತ್ತದೆ, ಆ ಹೊಳಪಿನ ಕಲೆ ತೊಳೆದರೂ ಹೋಗುವುದಿಲ್ಲ. ಪೂರ್ತಿ ಹೊಳಪಿನದನ್ನು ಹಚ್ಚಿದರೆ ಮೂವತ್ತು ವರ್ಷದ ಗೋಡೆಯ ಉಬ್ಬುತಗ್ಗುಗಳೆಲ್ಲ ಬೆಳಕಿಗೆ ಎದ್ದು ಕಾಣುತ್ತವೆ. ನಡುವಿನ ಮಂದ ಹೊಳಪು, ಅಂದರೆ ಲೋ ಶೀನ್, ನಿಮ್ಮ ಗೋಡೆಗೆ ಸರಿ. ಕುರ್ಚಿಯ ಬೆನ್ನು ತಾಗುವ ಎತ್ತರದಲ್ಲಿ ಮೂರು ಇಂಚಿನ ಮರದ ಪಟ್ಟಿಯೊಂದನ್ನು ಹೊಡೆಸಿದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ ಹೇಳುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಟ್ಟಡ ಮೂವತ್ತು ವರ್ಷದ್ದು ಎಂದಿದ್ದೀರಿ. ಹಳೆಯ ಪದರಗಳಲ್ಲಿ ಆಯಿಲ್ ಪೇಂಟ್ ಇದ್ದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಿಂದ. ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದ ಹಾಗೆಯೇ ಪಾಲಿಶ್ ಪೇಪರ್‌ನಿಂದ ತಿಕ್ಕಿಸಿ ಧೂಳೆಬ್ಬಿಸಬೇಡಿ. ಗೋಡೆ ಒದ್ದೆಮಾಡಿಕೊಂಡು ತಿಕ್ಕಿಸಿ, ಕೆಲಸಗಾರರು ಮಾಸ್ಕ್ ಹಾಕಿಕೊಳ್ಳಲಿ, ಆ ದಿನಗಳಲ್ಲಿ ಮಕ್ಕಳನ್ನು ಬೇರೆ ಕಡೆ ಇಡಿ, ಕೊನೆಗೆ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.


ಉತ್ತರ 2: ಮಾಟುಂಗಾ, ಮುಂಬೈ

ನಾನು ಸೀರೆ ಮತ್ತು ಒಡವೆ ಅಂಗಡಿಗಳಿಗೆ ದೀಪದ ವ್ಯವಸ್ಥೆ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಬಣ್ಣದ ಕೆಲಸದ ಬಗ್ಗೆ ಡೊಂಬಿವಲಿಯವರು ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ. ಆದರೆ ದಾಳಿಂಬೆ ಕಾಫಿಪುಡಿಯಾದದ್ದಕ್ಕೆ ಕಾರಣ ನಿಮ್ಮ ಡಬ್ಬಿಯಲ್ಲಿ ಇಲ್ಲ, ಟ್ಯೂಬ್‌ಲೈಟಿನಲ್ಲಿ ಇದೆ.

ಸೀರೆ ಕೊಳ್ಳುವಾಗ ನಮ್ಮ ಹೆಂಗಸರು ಅಂಗಡಿಯ ಬಾಗಿಲಿಗೆ ಬಂದು, ಸೆರಗನ್ನು ಹೊರಗಿನ ಬೆಳಕಿಗೆ ಹಿಡಿದು ನೋಡುವುದನ್ನು ನೀವೂ ಮಾಡಿರುತ್ತೀರಿ. ಗೋಡೆಯ ವಿಷಯದಲ್ಲಿ ಮಾತ್ರ ನಾವು ಶೇಡ್ ಕಾರ್ಡ್ ನೋಡಿ ತೀರ್ಮಾನ ಮಾಡಿಬಿಡುತ್ತೇವೆ. ಒಂದು ವಸ್ತು ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಬೀಳುವ ಬೆಳಕಿನಲ್ಲಿ ಕೆಂಪು ಇರಬೇಕು. ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; ಅಂಕ ಕಡಿಮೆಯಾದಷ್ಟೂ ಬೆಳಕು ಹಳದಿಯ ಕಡೆಗೆ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಟ್ಯೂಬಿನಲ್ಲಿ ನೀಲಿಯ ಅಂಶ ಹೆಚ್ಚು, ಕಡುಗೆಂಪಿನ ಅಂಶ ಬಹಳ ಕಡಿಮೆ. ಗೋಡೆ ಹಿಂದಿರುಗಿಸಬೇಕಾದ ಬೆಳಕೇ ಅದಕ್ಕೆ ಸಿಗದಿದ್ದಾಗ ಅದು ಕಂದಾಗಿಯೋ ಕಪ್ಪಾಗಿಯೋ ಕಾಣುತ್ತದೆ.

ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಅಂಕ ಇರುತ್ತದೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. ಆದರೆ ಆ ಅಂಕವನ್ನು ಎಂಟು ಮಂದ ಬಣ್ಣಗಳ ಸರಾಸರಿಯಿಂದ ಲೆಕ್ಕಹಾಕುತ್ತಾರೆ, ಅವುಗಳಲ್ಲಿ ಗಾಢ ಕೆಂಪು ಇಲ್ಲವೇ ಇಲ್ಲ. ಗಾಢ ಕೆಂಪಿಗೆ ಆರ್9 ಎಂಬ ಬೇರೆ ಅಂಕವಿದೆ. ಸಿಆರ್‌ಐ 80 ಎಂದು ಬರೆದ ಬಲ್ಬಿನಲ್ಲೂ ಆರ್9 ತೀರಾ ಕಡಿಮೆ ಇರಬಹುದು. ಸಿಆರ್‌ಐ 90 ಅಥವಾ ಅದಕ್ಕಿಂತ ಮೇಲಿರುವ, ಆರ್9 ಕನಿಷ್ಠ 50 ಇರುವ, 2700ರಿಂದ 3000 ಕೆಲ್ವಿನ್ ನಡುವಿನ ಬಲ್ಬನ್ನು ಕೇಳಿ ತನ್ನಿ. ಮೂಲೆಯಂಗಡಿಯಲ್ಲಿ ಆರ್9 ಎಂದರೆ ಗೊತ್ತಾಗದಿರಬಹುದು. ದೀಪಗಳನ್ನೇ ಮಾರುವ ದೊಡ್ಡ ಅಂಗಡಿಗಳಲ್ಲಿ ಮಾಹಿತಿ ಪತ್ರ ಕೊಡುತ್ತಾರೆ. ಒಡವೆ ಅಂಗಡಿಗಳಲ್ಲಿ ಮಾಣಿಕ್ಯದ ಹರಳುಗಳ ಮೇಲೆ ನಾವು ಹಾಕುವುದೂ ಇಂಥ ದೀಪಗಳನ್ನೇ.

ಸಂಜೆಯ ಹೊತ್ತಿನ ಬಗ್ಗೆ ಇನ್ನೊಂದು ಮಾತು. ದೀಪ ಹಚ್ಚುವ ಮುಂಚಿನ ಮಬ್ಬಿನಲ್ಲಿ ಕೆಂಪು ಎಲ್ಲ ಬಣ್ಣಗಳಿಗಿಂತ ಮೊದಲು ಕಪ್ಪಾಗುತ್ತದೆ, ನೀಲಿ ಮತ್ತು ಹಸಿರು ಇನ್ನಷ್ಟು ಹೊತ್ತು ಉಳಿಯುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚೆಕ್ ಶರೀರಶಾಸ್ತ್ರಜ್ಞ ಪುರ್ಕಿನ್ಯೆ ಇದನ್ನು ಗುರುತಿಸಿದ. ಹೂಗಳನ್ನು ಗಮನಿಸುವಾಗ ಅವನಿಗೆ ಇದು ಹೊಳೆಯಿತೆಂದು ಹೇಳುತ್ತಾರೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಮುಸ್ಸಂಜೆಯಲ್ಲಿ ತೋಟದ ಕೆಂಪು ದಾಸವಾಳ ಮೊದಲು ಕರಗಿ, ಎಲೆ ಮಾತ್ರ ಉಳಿಯುವುದನ್ನು ನೋಡಿ. ನಿಮ್ಮದು ಉತ್ತರದ ಕಿಟಕಿ, ಮೇಲೆ ಮರದ ನೆರಳು. ಆದ್ದರಿಂದ ಸಂಜೆ ಐದೂವರೆಗೇ ಆ ಗೋಡೆಯ ದೀಪ ಹೊತ್ತಿಕೊಳ್ಳಬೇಕು ಎಂದು ಈಗಲೇ ತಿಳಿದುಕೊಂಡಿರಿ.

ದೀಪವನ್ನು ಗೋಡೆಗೆ ತೀರಾ ಹತ್ತಿರದಲ್ಲಿ ಮೇಲಿನಿಂದ ಕೆಳಕ್ಕೆ ಬಿಡಬೇಡಿ, ಪುಟ್ಟಿಯ ಪ್ರತಿ ಗೀರೂ ನೆರಳು ಬೀರುತ್ತದೆ. ಗೋಡೆಯಿಂದ ಎರಡೂವರೆ ಅಡಿಯಷ್ಟು ದೂರದಲ್ಲಿ ಸೀಲಿಂಗ್‌ನಿಂದ ಎರಡು ದೀಪ, ಮೇಜಿನ ಮೇಲೆ ಇಳಿಬಿಟ್ಟ ಒಂದು ದೀಪ ಸಾಕು. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಕೋಣೆಗೆ ಹಿಂದಿರುಗಿಸಿದರೆ, ಕಡುಗೆಂಪು ಗೋಡೆ ಹತ್ತನ್ನೂ ಹಿಂದಿರುಗಿಸುವುದಿಲ್ಲ. ಮನೆ ಗೂಡಾಗುತ್ತದೆ ಎಂಬ ನಿಮ್ಮ ಯಜಮಾನರ ಮಾತಿಗೆ ಆಧಾರ ಇರುವುದು ಅಲ್ಲಿಯೇ, ಪರಿಹಾರವೂ ಅಲ್ಲಿಯೇ ಇದೆ: ಆ ಒಂದು ಗೋಡೆಗೆ ಬೇರೆ ಸ್ವಿಚ್‌ನ ದೀಪ ಕೊಡಿ.

ಉಳಿದ ಮೂರು ಗೋಡೆಗಳಿಗೆ ಅಚ್ಚ ಬಿಳಿ ಬೇಡ. ಕೆಂಪನ್ನು ಸ್ವಲ್ಪ ಹೊತ್ತು ನೋಡಿ ಕಣ್ಣು ಬಿಳಿಯ ಕಡೆ ತಿರುಗಿದಾಗ ಆ ಬಿಳಿಯಲ್ಲಿ ಹಸಿರು ಛಾಯೆ ತೇಲಿದಂತೆ ಆಗುತ್ತದೆ. ಅತ್ತೆಯವರು ಕಣ್ಣಿಗೆ ಹೊಡೆಯುತ್ತದೆ ಎಂದದ್ದು ಇದನ್ನೇ ಇರಬಹುದು. ಸ್ವಲ್ಪ ಹಳದಿ ಬೆರೆತ ಕೆನೆಬಣ್ಣ ಆ ಏಟನ್ನು ತಗ್ಗಿಸುತ್ತದೆ.


ಉತ್ತರ 3: ಅಂಧೇರಿ, ಮುಂಬೈ

ಬಾಡಿಗೆ ಮನೆಯಲ್ಲಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು ಹೇಳಬೇಕೆನಿಸಿತು. ನಾವು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮನೆಯಲ್ಲಿ ಮಲಗುವ ಕೋಣೆಯ ಒಂದು ಗೋಡೆಗೆ ಮರೂನ್ ಹಚ್ಚಿದ್ದೆವು. ಬಿಡುವಾಗ ಅದನ್ನು ಮೊದಲಿನ ಬಿಳಿಗೆ ತರಲು ಎರಡು ಕೋಟ್ ಪ್ರೈಮರ್, ಮೂರು ಕೋಟ್ ಬಣ್ಣ ಬೇಕಾಯಿತು; ಆದರೂ ಸ್ವಿಚ್‌ಬೋರ್ಡಿನ ಸುತ್ತ ಗುಲಾಬಿ ಗೆರೆ ಉಳಿದು, ಡಿಪಾಸಿಟ್‌ನಲ್ಲಿ ಹಣ ಹಿಡಿದುಕೊಂಡರು. ಈಗಿನ ಮನೆಯಲ್ಲಿ ಎಂಟಡಿಯಿಂದ ನಾಲ್ಕಡಿಯ ಎರಡು ಪ್ಲೈವುಡ್ ಹಲಗೆಗಳಿಗೆ ಅದೇ ಬಣ್ಣ ಬಳಿದು ಗೋಡೆಗೆ ಒರಗಿಸಿ ನಿಲ್ಲಿಸಿದ್ದೇವೆ. ಮನೆ ಬದಲಿಸಿದರೆ ಬಣ್ಣವೂ ಜೊತೆಗೆ ಬರುತ್ತದೆ.


ಉತ್ತರ 4: ಮಡಗಾಂವ್, ಗೋವಾ

ತಂಗಿ, ನಿನ್ನ ಪ್ರಶ್ನೆ ಓದಿ ಬರೆಯದೆ ಇರಲಾಗಲಿಲ್ಲ. ನಾನು ಕುಮಟಾದ ಹತ್ತಿರದ ಊರಿನವಳು, ಮದುವೆಯಾಗಿ ಗೋವಾಕ್ಕೆ ಬಂದು ನಲವತ್ತು ವರ್ಷ ದಾಟಿತು. ಡೊಂಬಿವಲಿ, ಮಾಟುಂಗಾದಿಂದ ಬರೆದ ಇಬ್ಬರೂ ತಿಳಿದವರು; ಆದರೆ ಯಾವ ಕೆಂಪು ಎಂಬ ಮಾತನ್ನು ಇಬ್ಬರೂ ನಿನ್ನ ಇಷ್ಟಕ್ಕೇ ಬಿಟ್ಟಿದ್ದಾರೆ. ನನ್ನ ಅಭಿಪ್ರಾಯ ಅಲ್ಲಿ ಸ್ವಲ್ಪ ಬೇರೆ.

ಕೆಂಪು ನಮ್ಮ ಗೋಡೆಗಳಿಗೆ ಹೊಸದಲ್ಲ. ಕರ್ನಾಟಕದಲ್ಲಿ ದೇವಸ್ಥಾನದ ಪ್ರಾಕಾರಕ್ಕೆ ಸುಣ್ಣ ಮತ್ತು ಕಾವಿಯ ಪಟ್ಟೆ, ಹೊಸ್ತಿಲಿಗೆ ಕೆಮ್ಮಣ್ಣು, ಸಾಗರ-ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಿಂದ ಬರೆಯುವ ಹಸೆ ಚಿತ್ತಾರ. ಗೋವಾ, ಸಿಂಧುದುರ್ಗ, ಉತ್ತರ ಕನ್ನಡದ ಹಳೆಯ ದೇವಾಲಯಗಳಲ್ಲಿ, ಕೆಲವು ದೊಡ್ಡ ಮನೆಗಳಲ್ಲಿ ಕಾವಿ ಕಲೆ ಎಂದು ಇದೆ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ತೆಳುವಾದ ಪದರ ಹಚ್ಚಿ, ಅದು ಹಸಿ ಇರುವಾಗಲೇ ಉಕ್ಕಿನ ಮೊನೆ ಮತ್ತು ಕೈವಾರ ಹಿಡಿದು ಗೀರಿ ಕೆರೆದು, ಒಳಗಿನ ಬಿಳಿಯನ್ನು ಹೂವಾಗಿ, ಬಳ್ಳಿಯಾಗಿ ಹೊರಗೆ ತರುತ್ತಾರೆ. ನಮ್ಮ ಅಜ್ಜನ ಮನೆಯ ಜಗುಲಿಯ ಗೋಡೆಯಲ್ಲಿ ಅಂಥ ಒಂದು ಕಮಲ ಇತ್ತು. ಅದರ ನಟ್ಟನಡುವೆ ಕೈವಾರದ ಮೊನೆ ಊರಿದ ಸಣ್ಣ ತೂತು ಹಾಗೆಯೇ ಉಳಿದಿತ್ತು; ಚಿಕ್ಕಂದಿನಲ್ಲಿ ನಾನು ಆ ತೂತಿನಲ್ಲಿ ಕಿರುಬೆರಳಿನ ಉಗುರು ಇಟ್ಟು ದಳಗಳನ್ನು ಎಣಿಸುತ್ತಿದ್ದೆ. ಆ ಕೆಂಪು ಎಷ್ಟು ಗಾಢವಾಗಿದ್ದರೂ ಕಣ್ಣನ್ನು ನೋಯಿಸುತ್ತಿರಲಿಲ್ಲ, ಏಕೆಂದರೆ ಅದು ಮಣ್ಣಿನ ಕೆಂಪು, ಕಬ್ಬಿಣದ ತುಕ್ಕಿನ ಕೆಂಪು. ಡೊಂಬಿವಲಿಯವರು ಐರನ್ ಆಕ್ಸೈಡ್ ಎಂದು ಹೇಳಿದ್ದು ಅದನ್ನೇ.

ಈ ಎಲ್ಲ ಕಡೆ ಕೆಂಪು ಒಂಟಿಯಾಗಿ ನಿಂತಿಲ್ಲ ಎಂಬುದನ್ನು ಗಮನಿಸು. ಪಕ್ಕದಲ್ಲಿ ಸುಣ್ಣವೋ ಅಕ್ಕಿ ಹಿಟ್ಟಿನ ಗೆರೆಯೋ ಇದ್ದೇ ಇದೆ. ಪಣಜಿಯ ಫೊಂತೈನ್ಯಾಸ್ ಕೇರಿಯಲ್ಲಿ ನಡೆದರೆ ಕೆಂಪು, ಹಳದಿ, ನೀಲಿ ಗೋಡೆಗಳ ಮನೆಗಳು ಸಾಲಾಗಿ ಸಿಗುತ್ತವೆ. ಅಲ್ಲಿಯೂ ಕಿಟಕಿ ಬಾಗಿಲುಗಳ ಸುತ್ತ ಬಿಳಿಯ ಅಂಚು ಎಳೆದಿರುತ್ತಾರೆ. ನಿನ್ನ ತಾಯಿಯ ಇಳಕಲ್ ಸೀರೆಯನ್ನೇ ತೆಗೆದು ನೋಡು, ಸೆರಗಿನ ಕೆಂಪಿನ ನಡುವೆ ಬಿಳಿಯ ತೆನೆಗಳಿರುತ್ತವೆ. ಆ ಬಿಳಿ ಇರುವುದರಿಂದಲೇ ಕೆಂಪು ಅಷ್ಟು ಚೆನ್ನಾಗಿ ಕಾಣುವುದು. ಹಾಗಾಗಿ ನೆಲದಿಂದ ಸೀಲಿಂಗಿನವರೆಗೆ ಇಡೀ ಗೋಡೆಗೆ ಬಳಿಯುವ ಬದಲು, ಕೆಳಗಿನ ಮೂರಡಿಗೆ ಮಾತ್ರ ಕೆಂಪು ಹಚ್ಚಿಸಿ, ಮೇಲೆ ಕೆನೆ, ನಡುವೆ ಮರದ ಪಟ್ಟಿ ಮಾಡಿಸುವ ವಿಚಾರವನ್ನೂ ಒಮ್ಮೆ ಮಾಡು. ಹಳೆಯ ಮನೆಗಳಲ್ಲಿ ಹೀಗೇ ಇರುತ್ತಿತ್ತು. ಬೆನ್ನಿನ ಎಣ್ಣೆ, ಕೈಯ ಕೊಳೆ ಕಾಣಬಾರದೆಂದು ಕೆಳಗೆ ಕೆಂಪು, ಬೆಳಕು ಹರಡಲೆಂದು ಮೇಲೆ ಸುಣ್ಣ. ನಿನಗೆ ಇಡೀ ಗೋಡೆಯೇ ಬೇಕೆಂದರೆ ಅದೂ ಸರಿ, ಆದರೆ ಕಿರಮಂಜಿಗಿಂತ ಒಂದು ಮೆಟ್ಟಿಲು ಕಾವಿಯ ಕಡೆಗೆ ಸರಿ.

ಇನ್ನು ತೇವದ ವಿಷಯ. ನಮ್ಮ ಮನೆಯ ಪಡಸಾಲೆಯಲ್ಲಿ ಹನ್ನೆರಡು ವರ್ಷದ ಹಿಂದೆ ನಾನೂ ಕಡುಗೆಂಪು ಹಚ್ಚಿಸಿದ್ದೆ. ಗೋಡೆಯ ಆ ಬದಿಗೆ ಬಚ್ಚಲು ಇತ್ತು. ಮೇ ತಿಂಗಳಲ್ಲಿ ಹಚ್ಚಿದಾಗ ದೇವರ ಪೀಠದ ಹಾಗೆ ಕಂಡ ಗೋಡೆಯಲ್ಲಿ, ಜುಲೈ ಮುಗಿಯುವಷ್ಟರಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಬಿಳಿ ಉಪ್ಪು ಎದ್ದು ಹಿಟ್ಟು ಉದುರಿದಂತೆ ಆಯಿತು. ಒರೆಸಿದರೆ ಹೋಗುತ್ತಿತ್ತು, ವಾರಕ್ಕೆ ಮತ್ತೆ ಬರುತ್ತಿತ್ತು. ಗೋಡೆಯೊಳಗಿನ ನೀರು ಸುಣ್ಣ ಸಿಮೆಂಟಿನ ಲವಣಗಳನ್ನು ಕರಗಿಸಿ ಹೊರಗೆ ತಂದು ಬಿಟ್ಟು ಆರಿಹೋಗುತ್ತದೆ. ಬಿಳಿ ಗೋಡೆಯಲ್ಲಿ ವರ್ಷಗಟ್ಟಲೆ ಇದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೊನೆಗೆ ಬಚ್ಚಲಿನ ನೆಲ ಕಿತ್ತು ಪೈಪು ಬದಲಿಸಿ, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬರಿದಾಗಿ ಒಣಗಲು ಬಿಟ್ಟ ಮೇಲೆಯೇ ಸರಿಯಾದದ್ದು. ನಿನ್ನ ಗೋಡೆಯ ಆಚೆ ಏನಿದೆ ಎಂದು ಮೊದಲು ನೋಡಿಕೋ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಒಂದು ದಿನ ಬಿಡು. ಹಾಳೆಯ ಒಳಮೈಯಲ್ಲಿ ಬೆವರು ಮೂಡಿದ್ದರೆ ಗೋಡೆಯಲ್ಲಿ ನೀರಿದೆ ಎಂದು ಅರ್ಥ. ದೀಪಾವಳಿಗೆ ಮುಗಿಸಬೇಕೆಂಬ ಅವಸರದಲ್ಲಿ ಇದನ್ನು ಬಿಡಬೇಡ.


ಪ್ರಶ್ನೆ ಕೇಳಿದವರಿಂದ: ಕೋಥ್ರೂಡ್, ಪುಣೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ಕಾಳಜಿಯಿಂದ ಯಾರಾದರೂ ಬರೆಯುತ್ತಾರೆಂದು ನಾನು ಎಣಿಸಿರಲಿಲ್ಲ. ಮೂರು ವಾರ ಕಳೆದು ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ.

ಮೊದಲು ಮಡಗಾಂವ್‌ನ ಅಕ್ಕನವರು ಹೇಳಿದಂತೆ ಪ್ಲಾಸ್ಟಿಕ್ ಹಾಳೆ ಅಂಟಿಸಿದೆವು. ಗೋಡೆಯ ಎಡಗಡೆ, ನಡುವೆ ಎರಡೂ ಕಡೆ ಒಣಗಿತ್ತು. ಬಲಗಡೆಯ ಕೆಳಮೂಲೆಯಲ್ಲಿ ಮಾತ್ರ ಹಾಳೆಯ ಒಳಗೆ ಹನಿಗಳು ಸಾಲಾಗಿ ನಿಂತಿದ್ದವು. ಆಚೆ ಬದಿಯಲ್ಲಿ ಪಕ್ಕದವರ ವಾಶ್‌ಬೇಸಿನ್ ಇದೆಯೆಂದು ಆಗ ಗೊತ್ತಾಯಿತು. ಅವರೂ ಒಳ್ಳೆಯವರು, ಎರಡು ದಿನದಲ್ಲಿ ಪ್ಲಂಬರ್‌ನನ್ನು ಕರೆಸಿ ಜೋಡಣೆ ಸರಿಮಾಡಿಸಿದರು. ಮೂಲೆ ಪೂರ್ತಿ ಒಣಗುವವರೆಗೆ ಕಾಯುವುದೆಂದು ನಿಶ್ಚಯಿಸಿರುವುದರಿಂದ ದೀಪಾವಳಿಗೆ ಆ ಗೋಡೆ ಬೂದು ಪ್ರೈಮರ್ ಕೂಡ ಇಲ್ಲದೆ ಬರಿದಾಗಿಯೇ ಇರುತ್ತದೆ. ಉಳಿದ ಮೂರಕ್ಕೆ ಕೆನೆಬಣ್ಣ ಮುಗಿದಿದೆ.

ಈ ನಡುವೆ ಅಂಧೇರಿಯವರ ಹಲಗೆಯ ಮಾತಿನಿಂದ ಒಂದು ಉಪಾಯ ಹೊಳೆಯಿತು. ಮೂರಡಿಯ ಮೂರು ಪ್ಲೈವುಡ್ ತುಂಡುಗಳಿಗೆ ಬೂದು ಪ್ರೈಮರ್ ಹಚ್ಚಿಸಿ, ಮೂರು ಬೇರೆಬೇರೆ ಕೆಂಪುಗಳನ್ನು ಮೂರು ಕೋಟ್ ಕೊಡಿಸಿದೆ. ನಾನು ಮೊದಲು ಆರಿಸಿದ್ದು ಒಂದು, ಅಕ್ಕನವರು ಹೇಳಿದ ಕಾವಿಯ ಕಡೆಯದು ಒಂದು, ಎರಡರ ನಡುವಿನದು ಒಂದು. ಅವುಗಳನ್ನು ಊಟದ ಮೇಜಿನ ಹಿಂದೆ ನಿಲ್ಲಿಸಿ, ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ಸಂಜೆ ಆರು ಮತ್ತು ರಾತ್ರಿ ಒಂಬತ್ತು ಗಂಟೆಗೆ ಮನೆಯವರೆಲ್ಲ ನೋಡಿದೆವು. ಟ್ಯೂಬ್‌ಲೈಟ್ ಆರಿಸಿ, ಮಾಟುಂಗಾದವರು ಹೇಳಿದ 2700 ಕೆಲ್ವಿನ್ ದೀಪ ಹಾಕಿದ ಕ್ಷಣದಲ್ಲಿ ನಡುವಿನ ಹಲಗೆ ಸೀರೆಯ ಬಣ್ಣಕ್ಕೆ ಬಂದು ನಿಂತಿತು. ತಾಯಿಯ ಸೀರೆಯನ್ನೇ ತಂದು ಪಕ್ಕದಲ್ಲಿ ಹಿಡಿದೆವು. ದಾರದ ಹೊಳಪೊಂದನ್ನು ಬಿಟ್ಟರೆ ವ್ಯತ್ಯಾಸ ಕಾಣಲಿಲ್ಲ. ನಾನು ಮೊದಲು ಆರಿಸಿದ್ದು ಅದರ ಮುಂದೆ ನೇರಳೆಯಾಗಿ ಕಂಡಿತು. ಅತ್ತೆಯವರು ಏನೂ ಹೇಳದೆ ತಮ್ಮ ಕುರ್ಚಿಯನ್ನು ಆ ಹಲಗೆಯ ಎದುರಿಗೆ ಎಳೆದುಕೊಂಡು ಕೂತು ಊಟ ಮಾಡಿದರು.

ಇಡೀ ಗೋಡೆಯೋ ಕೆಳಗಿನ ಮೂರಡಿಯೋ ಎಂಬುದರಲ್ಲಿ ನಾನು ಇಡೀ ಗೋಡೆಯ ಪರವಾಗಿಯೇ ಉಳಿದಿದ್ದೇನೆ; ಆದರೆ ಕುರ್ಚಿಯ ಎತ್ತರದಲ್ಲಿ ಮರದ ಪಟ್ಟಿ, ಮೇಲ್ಗಡೆ ಸೀಲಿಂಗಿಗೆ ತಾಗುವಲ್ಲಿ ಎರಡಿಂಚಿನ ಕೆನೆಬಣ್ಣದ ಅಂಚು ಬಿಡಿಸುತ್ತಿದ್ದೇನೆ. ಒಂದು ಸಂದೇಹ ಉಳಿದಿದೆ. ಆ ಗೋಡೆಯಲ್ಲಿ ಅಡುಗೆಮನೆಯ ಬಾಗಿಲಿನ ಚೌಕಟ್ಟು ಬರುತ್ತದೆ. ಅದಕ್ಕೆ ಈಗ ಬಿಳಿ ಆಯಿಲ್ ಪೇಂಟ್ ಇದೆ. ಅದನ್ನೂ ಕೆಂಪು ಮಾಡಿಸಬೇಕೇ, ಬಿಳಿಯಾಗಿಯೇ ಬಿಡಬೇಕೇ?


ಉತ್ತರ 5: ಡೊಂಬಿವಲಿಯಿಂದ

ಮೇಡಂ, ಮೂಲೆ ಒಣಗುವವರೆಗೆ ಕಾಯುವ ನಿಮ್ಮ ತೀರ್ಮಾನ ತಿಳಿದು ಬಹಳ ಸಂತೋಷವಾಯಿತು. ಪ್ರೈಮರ್ ಹಚ್ಚುವ ಮುಂಚೆ ಅದೇ ಮೂಲೆಯಲ್ಲಿ ಇನ್ನೊಮ್ಮೆ ಹಾಳೆ ಅಂಟಿಸಿ ನೋಡಿ.

ಚೌಕಟ್ಟಿನ ಒಂದು ಬದಿಯಲ್ಲಿ ಒಂದಿಂಚಿನಷ್ಟು ಬಣ್ಣವನ್ನು ಒದ್ದೆಮಾಡಿ ಕೆರೆಸಿ, ಒಳಗೆ ಯಾವ ಮರವಿದೆ ನೋಡಿ. ಆ ಕಾಲದ ಕಟ್ಟಡಗಳಲ್ಲಿ ಸಾಗುವಾನಿಯ ಚೌಕಟ್ಟು ಸಿಗುವುದುಂಟು. ಸಾಗುವಾನಿಯಾದರೆ ಬಣ್ಣ ಪೂರ್ತಿ ತೆಗೆಸಿ ಪಾಲಿಶ್ ಮಾಡಿಸಿ, ಈ ಕೆಂಪಿನ ಪಕ್ಕದಲ್ಲಿ ಅದಕ್ಕಿಂತ ಚೆನ್ನಾಗಿ ಒಪ್ಪುವುದು ಬೇರೊಂದಿಲ್ಲ. ಆದರೆ ಅದು ಮೂವತ್ತು ವರ್ಷದ ಆಯಿಲ್ ಪೇಂಟ್. ಸುಡುವ ಗನ್ ಹಿಡಿದು ಕೀಳುವುದಕ್ಕೆ ಬಿಡಬೇಡಿ, ಸೀಸದ ಹೊಗೆ ಏಳುತ್ತದೆ. ಹಚ್ಚಿ ಕೆರೆಯುವ ಪೇಂಟ್ ರಿಮೂವರ್ ಬಳಸಲಿ, ಕಿಟಕಿ ತೆರೆದಿರಲಿ, ಕೆರೆದದ್ದನ್ನು ಚೀಲದಲ್ಲಿ ಕಟ್ಟಿ ಹಾಕಲಿ. ಸಾಮಾನ್ಯ ಮರವಾದರೆ ಅಷ್ಟು ಕಷ್ಟ ಬೇಡ. ಮೇಲೆ ಬಿಡಿಸುತ್ತಿರುವ ಅಂಚಿನ ಕೆನೆಬಣ್ಣವನ್ನೇ ಚೌಕಟ್ಟಿಗೂ ಕೊಡಿಸಿ. ಚೌಕಟ್ಟಿನ ಕೆಲಸವನ್ನು ಗೋಡೆಗಿಂತ ಮೊದಲು ಮುಗಿಸಿ, ಪೂರ್ತಿ ಒಣಗಿದ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿಸಬೇಕು. ಟೇಪಿನ ಅಂಚಿಗೆ ಮೊದಲು ಅದೇ ಕೆನೆಬಣ್ಣದ ಒಂದು ತೆಳು ಗೆರೆ ಎಳೆಸಿ, ಅದು ಒಣಗಿದ ನಂತರ ಕೆಂಪು ಹಚ್ಚಿಸಿದರೆ ಟೇಪಿನ ಅಡಿಗೆ ಕೆಂಪು ನುಗ್ಗುವುದಿಲ್ಲ. ಕೊನೆಯ ಕೋಟ್ ಇನ್ನೂ ಹಸಿಯಾಗಿರುವಾಗಲೇ ಟೇಪನ್ನು ನಿಧಾನವಾಗಿ ಓರೆಯಾಗಿ ಎಳೆದು ತೆಗೆಯಲು ಹೇಳಿ.